ಕೆಲಸದಾಕೆಯ ಮಗಳು ಊಟ ಬಿಟ್ಟಿದ್ದೇಕೆ?

ನಿಮ್ಮ ಅಡುಗೆಮನೆಯ ತೊಗರಿಬೇಳೆ ಡಬ್ಬಿಯನ್ನೊಮ್ಮೆ ನೋಡಿ. ಕಲಬುರಗಿ ಬೇಳೇನೇ ಬೇಕು ಅಂತ ಕೇಳಿ ತಂದಿರ್ತೀರಿ, ಅಲ್ವಾ? ಆ ಬೇಳೆ ಬೆಳೆಯುವ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಜನರೇ ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು ಅಂತ ಹೊರಡುತ್ತಾರೆ. ಗಂಡ ಕಟ್ಟಡದ ಕೆಲಸಕ್ಕೆ, ಹೆಂಡತಿ ನಮ್ಮಂಥವರ ಮನೆ ಪಾತ್ರೆ ತೊಳೆಯಲಿಕ್ಕೆ. ಜೊತೆಗೆ ಬಂದ ಮಕ್ಕಳ ಬಗ್ಗೆ ನಾವು ಕೇಳುವುದೇ ಇಲ್ಲ.

ನಾನೂ ಕೇಳಿರಲಿಲ್ಲ. ನಮ್ಮ ಮನೆಗೆ ಬರುವಾಕೆ ಜೇವರ್ಗಿ ತಾಲ್ಲೂಕಿನವಳು. ಒಂದು ಬೆಳಿಗ್ಗೆ ಸಿಂಕ್ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. “ಮಗಳು ಊಟಾನೇ ಬಿಟ್ಟಾಳ್ರೀ ಅಕ್ಕಾರ. ನಾ ಹೋಗೂತನಕ ಬಾಗಲ್ದಾಗ ಕುಂತಿರ್ತಾಳ್ರಿ” ಅಂದಳು. ಹುಡುಗಿಗೆ ಹದಿಮೂರು. ಅವರ ಶೆಡ್‌ಗಳ ಹತ್ತಿರ ಯಾರೋ ಬಂದು ‘ನೀವೆಲ್ಲ ಬಾಂಗ್ಲಾದವರು, ಜೆಸಿಬಿ ಬರುತ್ತೆ’ ಅಂದು ಹೋಗಿದ್ದರಂತೆ. ಅವತ್ತಿನಿಂದ ಅಪ್ಪ ಅವ್ವನ ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಶಾಲೆ ಚೀಲದಲ್ಲಿಟ್ಟುಕೊಂಡು ಓಡಾಡುತ್ತಾಳೆ. ಅಚ್ಚ ಕನ್ನಡ ಮಾತಾಡುವ ಮಗು!

ಅತಿಯಾಯ್ತು ಅನ್ನಬೇಡಿ. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಬಳಿ ಕರಿಯಮ್ಮನ ಅಗ್ರಹಾರದಲ್ಲಿ, ಅಕ್ರಮ ಬಾಂಗ್ಲಾ ವಲಸಿಗರು ಅನ್ನುವ ಗುಮಾನಿಯ ಮೇಲೆ ಶೆಡ್‌ಗಳನ್ನು ನೆಲಸಮ ಮಾಡಿದರು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟ್ ತೆರವಿಗೆ ತಡೆ ಹಾಕಿತು, ಪುನರ್ವಸತಿ ಕಲ್ಪಿಸಿ ಅಂತ ಸರ್ಕಾರಕ್ಕೆ ಹೇಳಿತು. ಆದರೆ ಕಣ್ಣೆದುರೇ ಮನೆ ಬಿದ್ದದ್ದನ್ನು ಕಂಡ ಮಕ್ಕಳನ್ನು ಯಾರು ಮಾತಾಡಿಸಿದರು?

ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಕೇಳಿದ್ದಾರೆ. ಅಟ್ಲಾಂಟಾ ನಗರದ ಹೊರವಲಯದ 11ರಿಂದ 16 ವರ್ಷದ 547 ಲ್ಯಾಟಿನೊ ಮಕ್ಕಳ ಅಧ್ಯಯನ 2020ರಲ್ಲಿ ‘ಜಾಮಾ ಪೀಡಿಯಾಟ್ರಿಕ್ಸ್’ನಲ್ಲಿ ಪ್ರಕಟವಾಯಿತು. ಮನೆಯವರೊಬ್ಬರು ಬಂಧನ ಅಥವಾ ಗಡಿಪಾರಿಗೆ ಒಳಗಾದ ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ, ಕುಡಿತದ ಅಪಾಯ ಹೆಚ್ಚಿತ್ತು. ಆ ದೇಶ ಬೇರೆ, ಕಾನೂನು ಬೇರೆ, ಒಪ್ಪಿದೆ. ಸಂಜೆ ಅವ್ವ ಬರ್ತಾಳೋ ಇಲ್ಲವೋ ಅನ್ನುವ ಭಯ ಎಲ್ಲ ಕಡೆ ಒಂದೇ ತಾನೆ?

ಕಾಗದಪತ್ರ ಕೇಳಲೇಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ಅಪಾರ್ಟ್‌ಮೆಂಟ್ ಗೇಟಿನಲ್ಲಿ, ಮಗಳ ಎದುರಿಗೇ, ಕಳ್ಳಿಯನ್ನು ಕೇಳಿದ ಹಾಗೆ ಕೇಳುತ್ತೇವಲ್ಲ, ಅದು ನನಗೆ ಸರಿಕಾಣದು. ನಮ್ಮ ಸಂಘದ ಸಭೆಯಲ್ಲಿ ಹೇಳಿದೆ. ಇಬ್ಬರು ಮುಖ ಸಿಂಡರಿಸಿದರು, ಇರಲಿ.

ಊಟ ಸೇರದಿರುವುದು, ನಿದ್ದೆಯಲ್ಲಿ ಬೆಚ್ಚುವುದು, ಶಾಲೆಗೆ ಒಲ್ಲೆ ಅನ್ನುವುದು, ಸುಮ್ಮಸುಮ್ಮನೆ ಸಿಡುಕುವುದು ಎರಡು ವಾರ ದಾಟಿದರೆ ‘ವಯಸ್ಸಿನ ಹಟ’ ಅಂತ ತಳ್ಳಿಹಾಕಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳಿಗೆ ತೊಂದರೆಯಾದರೆ 1098. ಟಿಸಿ ತಂದಿಲ್ಲ ಅನ್ನುವ ಕಾರಣಕ್ಕೆ ಸರ್ಕಾರಿ ಶಾಲೆ 14 ವರ್ಷದೊಳಗಿನ ಮಗುವಿನ ದಾಖಲಾತಿ ತಡೆಯುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಈ ಮಾತನ್ನು ಮುಖ್ಯೋಪಾಧ್ಯಾಯರ ಹತ್ತಿರ ಆಕೆ ಹೇಳುವುದಕ್ಕಿಂತ ನೀವು ಜೊತೆಗೆ ಹೋಗಿ ಹೇಳಿದರೆ ಬೇಗ ಕೆಲಸವಾಗುತ್ತದೆ, ಬೇಸರದ ಸಂಗತಿಯಾದರೂ ನಿಜ.

ಹೋದ ಭಾನುವಾರ ಹುಡುಗಿ ನಮ್ಮನೆಗೆ ಬಂದಿದ್ದಳು. ಆಧಾರ್ ಕಾರ್ಡುಗಳ ಜೆರಾಕ್ಸ್ ಮಾಡಿಸಿ ಒಂದು ಪ್ರತಿ ನಮ್ಮ ಬೀರುವಿನಲ್ಲಿಟ್ಟೆ. ಎಲ್ಲಿಟ್ಟಿರಿ ಅಂತ ಎರಡು ಸಲ ತೆಗೆಸಿ ನೋಡಿದಳು. ಆಮೇಲೆ ಒಂದೂವರೆ ಚಪಾತಿ ತಿಂದಳು.