ಅಕ್ಕಿ ಗಿರಣಿಯೂ ಸಂಶೋಧನಾಲಯವೂ

ತುಂಗಭದ್ರೆಯ ಎಡದಂಡೆ ಕಾಲುವೆಯು ಸಿಂಧನೂರು ಸೀಮೆಗೆ ಭತ್ತವನ್ನು ತಂದಿತು. ಭತ್ತವು ಗಿರಣಿಗಳನ್ನು ತಂದಿತು. ಆದರೆ ಶಾಸ್ತ್ರಜ್ಞಾನವು ಗಿರಣಿಯ ಬಾಗಿಲಿಗೆ ತಾನಾಗಿ ಹರಿದುಬರುವುದಿಲ್ಲ. ಅದಕ್ಕೂ ಕಾಲುವೆಯನ್ನು ತೋಡಬೇಕಾಗಿದೆ.

ಸಂಶೋಧನಾಲಯಗಳು ದೂರವಿವೆಯೆಂದು ಯಾರೂ ಹೇಳಲಾರರು. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಕೃಷಿ ಇಂಜಿನಿಯರಿಂಗ್ ಕಾಲೇಜು ಇದೆ. ಸಿಂಧನೂರು ತಾಲೂಕಿನ ಧಡೇಸೂಗೂರಿನಲ್ಲಿಯೂ ಲಿಂಗಸುಗೂರಿನಲ್ಲಿಯೂ ಸಂಶೋಧನಾ ಕೇಂದ್ರಗಳಿವೆ. ಈ ಎರಡು ಪಟ್ಟಣಗಳ ನಡುವಣ ದಾರಿಯಲ್ಲಿಯೇ ಮಸ್ಕಿಯೂ ಇದೆ. ಹೀಗಿರಲು ಕೊರತೆಯು ಹರದಾರಿಗಳದಲ್ಲ, ಬಳಕೆಯದು.

ಯಂತ್ರದಿಂದ ಕೊಯ್ದ ಭತ್ತದಲ್ಲಿ ತೇವವು ಅನೇಕ ವೇಳೆ ನೂರಕ್ಕೆ 20ನ್ನು ಮೀರಿರುತ್ತದೆ. ಗಿರಣಿಗೆ ಹಾಕುವಾಗ ಅದು 14ರ ಆಸುಪಾಸಿಗೆ ಇಳಿದಿರಬೇಕು. ಸುಡುಬಿಸಿಲಿನ ರಸ್ತೆಯ ಮೇಲೆ ಅವಸರದಿಂದ ಒಣಗಿಸಿದರೆ ಕಾಳು ಒಳಗೇ ಬಿರಿದು, ಗಿರಣಿಯಲ್ಲಿ ನುಚ್ಚಾಗುತ್ತದೆ. ತೌಡಿನ ಮಾತೂ ಇಂಥದೇ: ಬೇಗನೆ ಶಾಖ ಕೊಟ್ಟು ಸ್ಥಿರಗೊಳಿಸದಿದ್ದರೆ ಅದರ ಎಣ್ಣೆ ಕೆಡುತ್ತದೆ. ಇವೆರಡಕ್ಕೂ ಶಾಸ್ತ್ರದಲ್ಲಿ ಉತ್ತರವಿದೆ. ದೊಡ್ಡ ಗಿರಣಿಯವನು ತಜ್ಞನನ್ನು ನೇಮಿಸಿಕೊಂಡಾನು. ಸಣ್ಣವನಿಗೆ ಸಾರ್ವಜನಿಕ ಪ್ರಯೋಗಶಾಲೆಯೇ ಗತಿ.

ಇದು ಬರಿಯ ಆಶೆಯಲ್ಲ. 1950ರಲ್ಲಿ ಮೈಸೂರಿನಲ್ಲಿ ಪ್ರಾರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಕುಸುಬಲಕ್ಕಿಗೆ ಬಿಸಿನೀರಿನ ಕ್ರಮವನ್ನು ರೂಪಿಸಿತು. ತಣ್ಣೀರಿನಲ್ಲಿ ಎರಡು ಮೂರು ದಿವಸ ನೆನೆಸಿ ದುರ್ವಾಸನೆ ಬರಿಸುತ್ತಿದ್ದ ಕೆಲಸವು ಕೆಲವೇ ತಾಸುಗಳಲ್ಲಿ ಮುಗಿಯುವಂತಾಯಿತು. ಆದರೆ ಅದು ಪ್ರಬಂಧದಲ್ಲಿಯೇ ಉಳಿದಿದ್ದರೆ ಯಾರ ಹೊಟ್ಟೆಯೂ ತುಂಬುತ್ತಿರಲಿಲ್ಲ. ಗಿರಣಿಗಳನ್ನು ಹೊಕ್ಕಿದ್ದರಿಂದಲೇ ಅದಕ್ಕೆ ಬೆಲೆ ಬಂದಿತು.

ಸಾರ್ವಜನಿಕರ ಹಣದಿಂದ ವರ್ತಕರಿಗೇಕೆ ಲಾಭವೆಂದು ಕೇಳುವವರುಂಟು. ನುಚ್ಚಿನ ನಷ್ಟವನ್ನು ಗಿರಣಿಯವನು ತಾನೊಬ್ಬನೇ ಹೊರುವನೆ? ತೇವದ ನೆಪದಿಂದ ಧಾರಣೆಯನ್ನು ಇಳಿಸಿ ರೈತನ ತಲೆಗೆ ದಾಟಿಸುತ್ತಾನೆ. ಗಿರಣಿಯ ಅಜ್ಞಾನಕ್ಕೆ ದಂಡ ತೆರುವವನು ಕೊನೆಗೆ ರೈತನೇ.

ಆದುದರಿಂದ ಸುಗ್ಗಿಯ ಕಾಲದಲ್ಲಿ ವಾರಕ್ಕೊಂದು ದಿವಸ ಧಡೇಸೂಗೂರು, ಲಿಂಗಸುಗೂರು ಕೇಂದ್ರಗಳಲ್ಲಿ ಭತ್ತ ಮತ್ತು ತೌಡಿನ ಮಾದರಿಗಳನ್ನು ಅಲ್ಪ ಶುಲ್ಕಕ್ಕೆ ಪರೀಕ್ಷಿಸುವ ಏರ್ಪಾಡು ಆಗಬೇಕೆಂದು ನಾವು ಸೂಚಿಸುತ್ತೇವೆ. ಫಲವನ್ನು ಸುಲಭವಾದ ಕನ್ನಡದಲ್ಲಿ ಬರೆದುಕೊಡಲಿ. ಗಿರಣಿಯ ಪ್ರಶ್ನೆಯನ್ನು ಕೃಷಿ ಇಲಾಖೆಯು ಕೈಗಾರಿಕಾ ಇಲಾಖೆಗೂ, ಅದು ಇದಕ್ಕೂ ದಾಟಿಸುತ್ತ ಕೂಡಬಾರದು. ಗಿರಣಿಯವರೂ ಸುಮ್ಮನಿರಬಾರದು, ಕ್ವಿಂಟಲಿಗೆ ಎಷ್ಟು ನುಚ್ಚು ಬಿದ್ದಿತೆಂಬ ಲೆಕ್ಕವನ್ನಿಟ್ಟು, ಒಟ್ಟಾಗಿ ಹೋಗಿ ಕೇಳಲಿ. ಕೇಳುವವರಿಲ್ಲದ ವಿದ್ಯೆಯೂ, ವಿದ್ಯೆಯಿಲ್ಲದ ಉದ್ಯಮವೂ ನಾಡಿಗೆ ಸಮಾನವಾದ ನಷ್ಟಗಳೇ ಸರಿ.