ಕಾಯುವವರಿಗೊಂದು ಮಾತು

ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಸವದತ್ತಿಯ ಬಸ್ಸಿಗಾಗಿ ಕುಳಿತವರನ್ನು ನೋಡಬೇಕು. “ಬಸ್ಸು ಒಂದು ಗಂಟೆ ತಡ” ಎಂದು ಕಂಟ್ರೋಲರರು ಹೇಳಿಬಿಟ್ಟರೆ ಯಾರೂ ಸಿಟ್ಟಾಗುವುದಿಲ್ಲ. ಕೆಲವರು ಚಹಕ್ಕೆ ಹೋಗುತ್ತಾರೆ, ಕೆಲವರು ಪೇಟೆಯ ಕೆಲಸ ಮುಗಿಸಿ ಬರುತ್ತಾರೆ. ಆದರೆ ಏನನ್ನೂ ಹೇಳದೆ ಬಸ್ಸು ಅರ್ಧ ಗಂಟೆ ತಡವಾಯಿತೆನ್ನಿ, ಆಗ ನಿಲ್ದಾಣವೆಲ್ಲ ಗೊಣಗಾಟ. ಮನುಷ್ಯನಿಗೆ ಕಾಯುವುದು ಅಷ್ಟು ಕಷ್ಟವಲ್ಲ. ಎಷ್ಟು ಹೊತ್ತು ಕಾಯಬೇಕೆಂಬುದು ತಿಳಿಯದಿರುವುದೇ ಕಷ್ಟ.

ಈ ವಾರದ ಅಂಕಣಕ್ಕೆ ವಿಷಯವನ್ನೊದಗಿಸಿದ್ದು ಇಂಥದೇ ಒಂದು ಕಾಯುವಿಕೆ. ಅದು ನಡೆದದ್ದು ಬಸ್ ನಿಲ್ದಾಣದಲ್ಲಲ್ಲ, ಅದೇ ಊರಿನಲ್ಲಿರುವ ನನ್ನ ಅಕ್ಕನ ಮನೆಯಲ್ಲಿ.

ಅಕ್ಕನ ಅತ್ತೆಯವರ ತವರು ಸವದತ್ತಿ. ಬೀಸುವ ಪದ, ಸೋಬಾನ ಪದ, ಯಲ್ಲಮ್ಮನ ಪದ—ಅವರ ಬಾಯಲ್ಲಿ ಬಾರದ ಹಾಡೇ ಇರಲಿಲ್ಲ. ಬದುಕಿನ ಕೊನೆಯ ವರ್ಷಗಳಲ್ಲಿ ಮೊಮ್ಮಗ ಅವರನ್ನು ಕೂಡಿಸಿಕೊಂಡು ಇಪ್ಪತ್ತು ಮೂವತ್ತು ಪದಗಳನ್ನು ಧ್ವನಿಮುದ್ರಿಸಿ ಮನೆಯ ಕಂಪ್ಯೂಟರಿನಲ್ಲಿಟ್ಟಿದ್ದ. ಅಜ್ಜಿ ತೀರಿಕೊಂಡರು. ಈಚೆಗೊಂದು ದಿನ ಆ ಕಂಪ್ಯೂಟರಿನ ಡಿಸ್ಕು ‘ಕಟ್ ಕಟ್’ ಎಂದು ಸದ್ದು ಮಾಡತೊಡಗಿತು. ಆ ಸದ್ದಿನ ಅರ್ಥವನ್ನು ಬಲ್ಲವರಿಗೆ ಅದು ಕೊನೆಯುಸಿರಿನ ಸದ್ದು. ಹಾಡುಗಳ ಮತ್ತೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

ರಜೆಗೆ ಬಂದಿದ್ದ ಅಳಿಯ, “ಕಡತಗಳನ್ನು ಒಂದೊಂದಾಗಿ ನಕಲು ಮಾಡುವುದು ಬೇಡ ಮಾಮಾ, ಡಿಸ್ಕ್ ಇಮೇಜ್ ತೆಗೆಯುತ್ತೇನೆ” ಎಂದ. ಹಾಗೆಂದರೇನು? ಅದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಪಕ್ಕದ ಕಿತ್ತೂರು ಸವದತ್ತಿಗಳ ಚರಿತ್ರೆಯಲ್ಲಿಯೇ ಉತ್ತರವಿದೆ.

1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಮಡಿದಾಗ ರಾಣಿ ಚೆನ್ನಮ್ಮನ ಸೈನ್ಯಕ್ಕೆ ಸೆರೆಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಎಂಬ ತರುಣನೊಬ್ಬ. ಬಿಡುಗಡೆಯಾದ ಮೇಲೆ ಆತ ಈ ನಾಡಿನಲ್ಲಿಯೇ ಕೆಲಸ ಮಾಡುತ್ತ, ಕರ್ನಾಟಕದ 595 ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದ. ಅವು ಕೈಬರಹದ ಪ್ರತಿಗಳು. ಕಲ್ಲನ್ನು ಓದಿದವನಿಗೆ ಕಂಡದ್ದು ಮಾತ್ರ ಕಾಗದಕ್ಕೆ ಇಳಿಯಿತು. ಮುಂದೆ ಜೆ. ಎಫ್. ಫ್ಲೀಟ್ ಸವದತ್ತಿ ಮತ್ತು ಬೆಳಗಾವಿಗಳ ರಟ್ಟ ಅರಸರ ಶಾಸನಗಳನ್ನು ಪ್ರಕಟಿಸಿದ. ಅವನ ಕಾಲಕ್ಕೆ ಶಾಸನದ ಅಚ್ಚು ತೆಗೆಯುವ ಕ್ರಮ ವಿದ್ವಾಂಸರಲ್ಲಿ ನೆಲೆಗೊಳ್ಳುತ್ತಿತ್ತು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹರಡಿ, ಬ್ರಷ್ಷಿನಿಂದ ಬಡಿದು ಅಕ್ಷರದ ಕುಳಿಗಳೊಳಗೆ ಇಳಿಸಿ, ಮೇಲೆ ಮಸಿ ಸವರುತ್ತಾರೆ. ಅಕ್ಷರ ಬಿಳಿದಾಗಿ ಉಳಿಯುತ್ತದೆ, ಕಲ್ಲಿನ ಮೈ ಕಪ್ಪಾಗಿ ಮೂಡುತ್ತದೆ. ಅಚ್ಚಿಗೆ ಓದು ಬಾರದು. ಆದ್ದರಿಂದಲೇ ಅದು ಸುಳ್ಳು ಹೇಳಲಾರದು. ಅಕ್ಷರದೊಡನೆ ಬಿರುಕೂ ಬರುತ್ತದೆ, ಸವೆದ ಜಾಗವೂ ಬರುತ್ತದೆ.

ಕಡತದ ನಕಲು ಎಲಿಯಟನ ಕೈಬರಹದಂತೆ. ಡಿಸ್ಕ್ ಇಮೇಜ್ ಮಸಿಯ ಅಚ್ಚಿನಂತೆ. ಡಿಸ್ಕಿನ ಮೊದಲ ಸ್ಥಾನದಿಂದ ಕೊನೆಯ ಸ್ಥಾನದವರೆಗೆ ಇದ್ದದ್ದನ್ನು ಇದ್ದ ಹಾಗೆ, ಖಾಲಿ ಜಾಗವನ್ನೂ ಅಳಿಸಿದ ಗುರುತನ್ನೂ ಸೇರಿಸಿ, ಇನ್ನೊಂದೆಡೆಗೆ ಇಳಿಸಿಕೊಳ್ಳುವ ಪಡಿಯಚ್ಚು ಅದು. ಒಮ್ಮೆ ಅಚ್ಚು ಕೈಗೆ ಬಂದರೆ ಸಾಯುತ್ತಿರುವ ಡಿಸ್ಕನ್ನು ಮತ್ತೆ ಕಾಡಬೇಕಾಗಿಲ್ಲ. ಹುಡುಕಾಟವನ್ನೆಲ್ಲ ಅಚ್ಚಿನ ಮೇಲೆಯೇ ಮಾಡಬಹುದು.

ಈ ಕೆಲಸಕ್ಕಿರುವ ಹಳೆಯ ಉಪಕರಣದ ಹೆಸರು ‘ಡಿಡಿ’. 1974ರ ಯುನಿಕ್ಸ್ ವ್ಯವಸ್ಥೆಯಿಂದಲೂ ಬಳಕೆಯಲ್ಲಿರುವುದು. ಇದಕ್ಕೆ ಚಿತ್ರಗಳಿಲ್ಲ, ಒತ್ತುವ ಗುಂಡಿಗಳಿಲ್ಲ. ಕಪ್ಪು ತೆರೆಯ ಮೇಲೆ ಒಂದು ಸಾಲಿನ ಅಪ್ಪಣೆಯನ್ನು ಬೆರಳಚ್ಚಿಸಬೇಕು: ಎಲ್ಲಿಂದ ಓದಬೇಕು, ಎಲ್ಲಿಗೆ ಬರೆಯಬೇಕು. ಇವೆರಡು ಅದಲುಬದಲಾದರೆ ಅಚ್ಚು ತೆಗೆಯುವ ಬದಲು ಮೂಲವೇ ಅಳಿಸಿಹೋಗುತ್ತದೆ. ಅಪ್ಪಣೆ ಕೊಟ್ಟವನನ್ನು “ನಿಜವಾಗಿಯೂ ಹೀಗೆಯೇ ಮಾಡಲೆ?” ಎಂದು ಅದು ಕೇಳುವುದಿಲ್ಲ. ಕೆಲಸ ನಡೆಯುತ್ತಿರುವಾಗ ಮಾತೂ ಆಡುವುದಿಲ್ಲ. ಮುಗಿದ ಮೇಲೆ ಲೆಕ್ಕ ಒಪ್ಪಿಸುತ್ತದೆ.

ಅಳಿಯ ಯಾವುದೋ ಹಳೆಯ ಪುಸ್ತಕದಲ್ಲಿ ಕಲಿತಂತೆ ಅಪ್ಪಣೆ ಬರೆದು, ಸರಿಯಾಗಿದೆಯೇ ಎಂದು ಮೂರು ಬಾರಿ ನೋಡಿ, ಹೊರಗೆ ಹೋದ. ಡಿಸ್ಕು 500 ಗಿಗಾಬೈಟಿನದು. ಸೆಕೆಂಡಿಗೆ 30 ಮೆಗಾಬೈಟಿನಂತೆ ಓದಿದರೂ ನಾಲ್ಕೂವರೆ ಗಂಟೆಗೆ ಕಡಿಮೆಯಿಲ್ಲ. ಎರಡು ಗಂಟೆ ಕಳೆಯಿತು, ಮೂರು ಕಳೆಯಿತು. ತೆರೆಯ ಮೇಲೆ ಏನೂ ಇಲ್ಲ. ಅಕ್ಕ ಎರಡು ಸಲ ಬಂದು ಇಣಿಕಿದಳು. ಮೂರನೆಯ ಸಲ ಗೋಡೆಯ ಸ್ವಿಚ್ಚನ್ನು ಆರಿಸಿಬಿಟ್ಟಳು.

ಹುಡುಗ ಬಂದು ನೋಡಿ ಮುಖ ಸಣ್ಣಗೆ ಮಾಡಿಕೊಂಡ.

“ಎಷ್ಟೊತ್ತು ನೋಡಿದ್ರೂ ಒಂದ ಅಕ್ಷರ ಬರವಲ್ದು. ನಿಂತೈತಿ ಅಂತ ತಿಳಕೊಂಡೆ.”

“ನಿಂತಿರಲಿಲ್ಲವ್ವಾ, ನಡದಿತ್ತು.”

“ನಡದಿತ್ತಂದ್ರ ಹೇಳಬೇಕಲ್ಲೋ ಅದು!”

ಅಕ್ಕನಿಗೆ ಕಂಪ್ಯೂಟರಿನ ಗಂಧವಿಲ್ಲ. ಆದರೂ ಈ ಒಂದು ಮಾತಿನಲ್ಲಿ ಅವಳು ಜಗತ್ತಿನ ಅನೇಕ ತಂತ್ರಜ್ಞರ ದೂರನ್ನೇ ಆಡಿದ್ದಳು. ಲಿನಕ್ಸ್ ಯಂತ್ರಗಳಲ್ಲಿರುವ ಡಿಡಿ ಮುಕ್ತ ತಂತ್ರಾಂಶ. ಗ್ನೂ ಸಂಸ್ಥೆಯ ‘ಕೋರ್‌ಯುಟಿಲ್ಸ್’ ಎಂಬ ಕಟ್ಟಿನಲ್ಲಿ ಬರುವುದು. ಮೊದಲೆಲ್ಲ ಅದರ ಪ್ರಗತಿಯನ್ನು ತಿಳಿಯಬೇಕಾದರೆ ಇನ್ನೊಂದು ಕಿಟಕಿಯಿಂದ ಅದಕ್ಕೊಂದು ಸಂಜ್ಞೆಯನ್ನು ಕಳುಹಿಸಬೇಕಾಗಿತ್ತು. 2015ರಲ್ಲಿ ಹೊರಬಂದ 8.24ನೆಯ ಆವೃತ್ತಿಯಲ್ಲಿ ಅಪ್ಪಣೆಯ ಸಾಲಿಗೆ ಒಂದು ಹೊಸ ಮಾತು ಸೇರಿತು: ‘ಸ್ಟೇಟಸ್=ಪ್ರೋಗ್ರೆಸ್’. ಇದನ್ನು ಬರೆದರೆ, ಇಷ್ಟು ಓದಿದೆ, ಇಷ್ಟು ಹೊತ್ತಾಯಿತು, ಈ ವೇಗದಲ್ಲಿ ನಡೆದಿದೆ ಎಂದು ಅದು ಸೆಕೆಂಡಿಗೊಮ್ಮೆ ವರದಿ ಒಪ್ಪಿಸುತ್ತದೆ.

ಇಷ್ಟು ಸಣ್ಣ ಸೌಕರ್ಯವನ್ನು ಸೇರಿಸುವಾಗಲೂ ಎರಡು ವಿಷಯಗಳಲ್ಲಿ ಎಚ್ಚರ ತೋರಿದ್ದಾರೆ. ಮೊದಲನೆಯದು, ಕೇಳದವರಿಗೆ ಡಿಡಿ ಇಂದಿಗೂ ಮೊದಲಿನಂತೆಯೇ ಮೌನಿ. ಅದರ ಮೌನವನ್ನು ನಂಬಿ ಬರೆದಿಟ್ಟ ಹಳೆಯ ಅಪ್ಪಣೆಗಳು ಎಷ್ಟೋ ಇವೆ, ಅವು ಕೆಡಬಾರದಷ್ಟೆ. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಎಲ್ಲಿಗೆ ಬರೆಯಬೇಕೆಂದು ಹೇಳದಿದ್ದರೆ ಡಿಡಿ ತಾನು ಓದಿದ್ದನ್ನೆಲ್ಲ ಸಾಮಾನ್ಯ ಹರಿವಿನಲ್ಲಿಯೇ ಹೊರಬಿಡುತ್ತದೆ. ಪ್ರಗತಿಯ ವರದಿಯೂ ಅದೇ ಕಾಲುವೆಯಲ್ಲಿ ಹರಿದರೆ ಅಚ್ಚಿನೊಳಗೇ ಬೆರೆತು ಅಚ್ಚು ಕೆಡುತ್ತದೆ. ಆದ್ದರಿಂದ ವರದಿಗೆ ಬೇರೆಯೇ ಕಾಲುವೆ. ದೋಷಗಳನ್ನು ತಿಳಿಸಲೆಂದು ಇಟ್ಟದ್ದು.

ನಮ್ಮ ಹಸ್ತಪ್ರತಿಗಳ ಕಥೆಯನ್ನು ಬಲ್ಲವರಿಗೆ ಇದರ ಬೆಲೆ ಕೂಡಲೇ ತಿಳಿಯುತ್ತದೆ. ಓಲೆಗರಿಯನ್ನು ನಕಲು ಮಾಡುತ್ತಿದ್ದ ಲಿಪಿಕಾರ ಅಂಚಿನಲ್ಲಿ ಬರೆದ ತನ್ನ ಮಾತು ಮುಂದಿನ ಲಿಪಿಕಾರನ ಕೈಯಲ್ಲಿ ಮೂಲದೊಳಗೆ ಸೇರಿ ಪ್ರಕ್ಷೇಪವಾಗಿ ಕುಳಿತ ಉದಾಹರಣೆಗಳು ಎಷ್ಟಿಲ್ಲ? ಕಾಯುವವರಿಗೆ ಮಾತು ಹೇಳಬೇಕು; ಆದರೆ ಆ ಮಾತಿನ ಒಂದು ಹನಿಯೂ ಪ್ರತಿಯೊಳಗೆ ಬೀಳಬಾರದು.

ಮುಕ್ತ ತಂತ್ರಾಂಶವೆಂದರೆ ಯಾರು ಬೇಕಾದರೂ ತೆರೆದು ಓದಿ ತಿದ್ದಬಹುದಾದುದು. ಹಾಗೆಂದು ಯಾರು ಬೇಕಾದರೂ ಏನನ್ನಾದರೂ ತುರುಕುವ ಸಂತೆಯಲ್ಲ. ಹೊಸ ಮಾತನ್ನು ಸೇರಿಸಬಯಸುವವನು ಅದರ ಅಗತ್ಯವನ್ನು ಮನಗಾಣಿಸಬೇಕು, ಅದು ಸರಿಯಾಗಿ ನಡೆಯುವುದೆಂದು ತೋರಿಸುವ ಪರೀಕ್ಷೆಗಳನ್ನು ಬರೆಯಬೇಕು, ಕೈಪಿಡಿಯಲ್ಲಿ ವಿವರಿಸಬೇಕು, ಅನುಭವಸ್ಥರ ತಿದ್ದುಪಡಿಗೆ ತಲೆಬಾಗಬೇಕು. ಇಷ್ಟಕ್ಕೆ ಸಿದ್ಧವಾದರೆ, ರಾಮದುರ್ಗದ ನೇಕಾರರ ಮನೆಯ ಹುಡುಗಿ ಮಗ್ಗದ ಪಕ್ಕದಲ್ಲಿ ಕುಳಿತು ಬರೆದದ್ದೂ ಲೋಕವೆಲ್ಲ ಬಳಸುವ ಉಪಕರಣದೊಳಗೆ ಸೇರಬಹುದು.

ಇನ್ನು ನಮ್ಮ ಕಥೆಗೆ ಬರೋಣ. ಕೆಡುತ್ತಿರುವ ಡಿಸ್ಕಿಗೆ ಡಿಡಿ ತಕ್ಕ ವೈದ್ಯನಲ್ಲವೆಂದು ಅಳಿಯನಿಗೆ ಆ ರಾತ್ರಿ ಓದಿದ ಮೇಲೆ ತಿಳಿಯಿತು. ಓದಲಾಗದ ಮೊದಲ ಸ್ಥಾನವನ್ನು ಕಂಡೊಡನೆ ಅದು ಸಾಮಾನ್ಯವಾಗಿ ಕೆಲಸವನ್ನು ನಿಲ್ಲಿಸಿಬಿಡುತ್ತದೆ. ಇಂಥ ಡಿಸ್ಕುಗಳಿಗಾಗಿಯೇ ಆಂಟೋನಿಯೋ ಡಿಯಾಜ್ ಡಿಯಾಜ್ ಎಂಬವರು 2004ರಲ್ಲಿ ಹೊರತಂದ ‘ಡಿಡಿರೆಸ್ಕ್ಯೂ’ ಎಂಬ ಇನ್ನೊಂದು ಮುಕ್ತ ಉಪಕರಣವಿದೆ. ಅದು ಮೊದಲು ಸುಲಭವಾಗಿ ಸಿಕ್ಕುವುದನ್ನೆಲ್ಲ ತೆಗೆದಿಟ್ಟು, ಕೆಟ್ಟ ಜಾಗಗಳನ್ನು ದಾಟಿ ಹೋಗಿ, ಆಮೇಲೆ ಅವುಗಳ ಬಳಿಗೆ ಮರಳುತ್ತದೆ. ಎಲ್ಲಿಯವರೆಗೆ ಬಂದೆ, ಯಾವುದು ಸಿಕ್ಕಿತು, ಯಾವುದು ಸಿಕ್ಕಲಿಲ್ಲ ಎಂಬ ನಕ್ಷೆಯೊಂದನ್ನು ಬೇರೆ ಕಡತದಲ್ಲಿ ಬರೆದಿಡುತ್ತದೆ. ನಡುವೆ ಯಾರಾದರೂ ಸ್ವಿಚ್ಚು ಆರಿಸಿದರೂ ನಕ್ಷೆಯನ್ನು ನೋಡಿ ನಿಂತಲ್ಲಿಂದ ಮುಂದುವರಿಯುತ್ತದೆ. ಎಷ್ಟು ಉಳಿದಿದೆ ಎಂದು ತೆರೆಯ ಮೇಲೆ ಹೇಳುತ್ತಲೂ ಇರುತ್ತದೆ.

ಮರುದಿನ ಅಕ್ಕ ಅಡುಗೆಮನೆಯಿಂದಲೇ, “ಎಷ್ಟಾತೋ?” ಎಂದು ಕೇಳುತ್ತಿದ್ದಳು. “ಅರವತ್ತು, ಅವ್ವಾ.” “ಎಂಬತ್ತು, ಅವ್ವಾ.” ಸ್ವಿಚ್ಚಿನ ಹತ್ತಿರಕ್ಕೆ ಯಾರೂ ಹೋಗಲಿಲ್ಲ.

ಸಂಜೆಗೆ ಅಚ್ಚು ಸಿದ್ಧವಾಯಿತು. ಒಂದನ್ನುಳಿದು ಎಲ್ಲ ಹಾಡುಗಳೂ ಸಿಕ್ಕಿದವು. ಆ ಒಂದು ಬೀಸುವ ಪದದ ನಡುವೆ ಮಾತ್ರ ಎರಡು ನುಡಿಗಳಷ್ಟು ಹೊತ್ತು ಬರಿಯ ಮೌನ. ನಕ್ಷೆಯಲ್ಲಿಯೂ ಅಷ್ಟು ಜಾಗ ‘ಸಿಕ್ಕಿಲ್ಲ’ ಎಂದೇ ದಾಖಲಾಗಿತ್ತು. ಶಾಸನ ಸಂಪಾದಕರು ಅಳಿದ ಅಕ್ಷರಗಳ ಜಾಗದಲ್ಲಿ ಚುಕ್ಕೆಗಳನ್ನಿಡುವ ಹಾಗೆ.

ಕಿತ್ತೂರು ನಾಡಿನ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಫ್ಲೀಟ್ ಹಾಡುವವರಿಂದ ಸಂಗ್ರಹಿಸಿ 1880ರ ದಶಕದಲ್ಲಿ ಅಚ್ಚು ಹಾಕಿಸಿದ್ದ. ಹಾಡಿನ ಮಾತು ನಮಗೆ ದಕ್ಕಿತು. ಹಾಡಿದವರ ದನಿ ದಕ್ಕಲಿಲ್ಲ. ಅತ್ತೆಯವರ ದನಿ ಅಕ್ಕನ ಮನೆಗೆ ದಕ್ಕಿದೆ, ಎರಡು ನುಡಿ ಕಡಿಮೆಯಾಗಿ.

ಆ ಎರಡು ನುಡಿಗಳು ಅಕ್ಕನಿಗೆ ಬಾಯಿಪಾಠವಾಗಿ ಬರುತ್ತವೆ. “ನಾ ಹಾಡತೇನಿ, ತಗೊ. ಅದರಾಗ ಸೇರಿಸು,” ಎಂದಳು. ಹುಡುಗ ತಾಯಿಯನ್ನು ಕೂಡಿಸಿ ಹಾಡಿಸಿದ. ಆದರೆ ಅಜ್ಜಿಯ ಹಾಡಿನೊಳಗೆ ಅದನ್ನು ಸೇರಿಸಲಿಲ್ಲ. ಬೇರೆ ಕಡತವಾಗಿಯೇ ಉಳಿಸಿ, ಅದಕ್ಕೆ ತಾಯಿಯ ಹೆಸರನ್ನೂ ಅಂದಿನ ತಾರೀಖನ್ನೂ ಬರೆದು, ಅಜ್ಜಿಯ ಹಾಡಿನ ಪಕ್ಕದಲ್ಲಿಟ್ಟ. ಎರಡರ ಪ್ರತಿಗಳೂ ಈಗ ಮೂರು ಮನೆಗಳಲ್ಲಿವೆ.