ಕಥೆಯ ಮೂಲ ಮತ್ತು ಕಥೆಗಾರನ ಋಣ

ಸಾಹಿತ್ಯ ಸಮ್ಮೇಳನಗಳಲ್ಲಿಯೂ ಸಂಘದ ಗೋಷ್ಠಿಗಳಲ್ಲಿಯೂ ಕಥೆಗಾರರೊಬ್ಬರು ವೇದಿಕೆಯ ಮೇಲೆ ಕುಳಿತರೆಂದರೆ, ಸಭಿಕರಲ್ಲಿ ಯಾರಾದರೊಬ್ಬರು ಎದ್ದುನಿಂತು ಕೇಳುವ ಪ್ರಶ್ನೆಯೊಂದುಂಟು: “ಸ್ವಾಮೀ, ತಮಗೆ ಕಥೆಗಳು ಎಲ್ಲಿಂದ ಹೊಳೆಯುತ್ತವೆ?” ಪ್ರಶ್ನೆ ಸರಳವಾದುದು, ಕೇಳಿದವರ ಕುತೂಹಲವೂ ಪ್ರಾಮಾಣಿಕವಾದುದು. ಆದರೆ ಅದಕ್ಕೆ ದೊರೆಯುವ ಉತ್ತರ ಮಾತ್ರ ಬಹುಮಟ್ಟಿಗೆ ಒಂದೇ ಬಗೆಯದು. ಕಥೆಗಾರರು ಕ್ಷಣಕಾಲ ಮೌನವಾಗಿದ್ದು, “ಅದು ತಾನಾಗಿಯೇ ಬರುತ್ತದೆ, ಸ್ಫೂರ್ತಿ ಬಂದಾಗ ಬರೆಯುತ್ತೇನೆ, ಬಾರದಿದ್ದಾಗ ಸುಮ್ಮನಿರುತ್ತೇನೆ” ಎನ್ನುತ್ತಾರೆ. ಸಭೆ ತಲೆದೂಗುತ್ತದೆ. ಈ ಉತ್ತರದಲ್ಲಿ ಎಷ್ಟು ವಿನಯವಿದೆಯೆಂದು ಎಲ್ಲರೂ ಮೆಚ್ಚಿಕೊಳ್ಳುತ್ತಾರೆ. ವಿಚಾರಮಾಡಿ ನೋಡಿದರೆ ಇದರಲ್ಲಿ ವಿನಯದ ಲೇಶವೂ ಕಾಣದು. ಕಾಣುವುದು ಋಣದ ನಿರಾಕರಣೆ. ಸಾಲ ತಂದವನು ಕೊಟ್ಟವನ ಹೆಸರನ್ನು ಮರೆತು, ಹಣವು ಆಕಾಶದಿಂದ ಬಿದ್ದಿತೆಂದು ಹೇಳಿದರೆ ಲೋಕವು ಅವನನ್ನು ವಿನಯಶೀಲನೆಂದು ಹೊಗಳುವುದಿಲ್ಲ. ಕಥೆಯ ವಿಷಯದಲ್ಲಿ ಮಾತ್ರ ಹಾಗೆಂದವನ ಕೊರಳಿಗೆ ಹಾರ ಬೀಳುತ್ತದೆ.

ಈ ಮತದವರು ಮೊದಲು ಎತ್ತಿ ಹೇಳುವ ಹೆಸರು ಆದಿಕವಿಯದು. ತಮಸಾತೀರದಲ್ಲಿ ಬೇಡನ ಬಾಣಕ್ಕೆ ಕ್ರೌಂಚ ಪಕ್ಷಿ ಉರುಳಿತು. ಮುನಿಯ ಶೋಕವೇ ಶ್ಲೋಕವಾಯಿತು. ಅದರಿಂದ ರಾಮಾಯಣ ಹುಟ್ಟಿತು. ಇಷ್ಟನ್ನು ಹೇಳಿ ಅವರು ವಾದವನ್ನು ಮುಗಿಸಿಬಿಡುತ್ತಾರೆ. ಆದರೆ ಬಾಲಕಾಂಡದ ಕ್ರಮ ಹಾಗಿಲ್ಲ. ಕ್ರೌಂಚವಧೆಯು ಎರಡನೆಯ ಸರ್ಗದ ಪ್ರಸಂಗ. ಮೊದಲನೆಯ ಸರ್ಗದಲ್ಲಿ ವಾಲ್ಮೀಕಿಯು ನಾರದನನ್ನು ಕಂಡು, ಸಕಲಗುಣಸಂಪನ್ನನಾದ ಪುರುಷನು ಈ ಲೋಕದಲ್ಲಿ ಯಾರಿದ್ದಾನೆಂದು ಪ್ರಶ್ನೆ ಮಾಡುತ್ತಾನೆ. ನಾರದನು ರಾಮನ ಚರಿತ್ರೆಯನ್ನು ಸಂಕ್ಷೇಪವಾಗಿ ಆದ್ಯಂತವೂ ಹೇಳುತ್ತಾನೆ. ಕಥೆಯು ಕಿವಿಗೆ ಬಿದ್ದ ಮೇಲೆಯೇ ಹಕ್ಕಿಯು ಕಣ್ಣೆದುರು ಬಿದ್ದುದು. ಅನಂತರ ಪ್ರತ್ಯಕ್ಷನಾದ ಬ್ರಹ್ಮನು ಸಹ, ನಾರದನಿಂದ ಕೇಳಿದ ಚರಿತ್ರೆಯನ್ನೇ ಕಾವ್ಯವಾಗಿ ರಚಿಸುವಂತೆ ಅಪ್ಪಣೆ ಕೊಡುತ್ತಾನೆ. ಕ್ರೌಂಚದಿಂದ ಮುನಿಗೆ ದೊರೆತುವು ಛಂದಸ್ಸು ಮತ್ತು ಕರುಣೆ. ಕಥೆ ದೊರೆತುದು ಕೇಳಿದುದರಿಂದ. ಆದಿಕವಿಯೇ ಕೇಳಿ ತಿಳಿದು ಬರೆದಿರುವಲ್ಲಿ, ಮೊನ್ನೆ ಲೇಖನಿ ಹಿಡಿದವರು ತಾವು ಯಾರಿಂದಲೂ ಏನನ್ನೂ ಪಡೆಯಲಿಲ್ಲವೆನ್ನುವುದು ಎಂಥ ಧೈರ್ಯ!

ನಮ್ಮ ದೇಶದ ಆಲಂಕಾರಿಕರು ಪ್ರತಿಭೆಯನ್ನು ಅಲ್ಲಗಳೆದವರಲ್ಲ. ಆದರೆ ಅವರು ಅದನ್ನು ಒಂಟಿಯಾಗಿ ಬಿಟ್ಟವರೂ ಅಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದಲ್ಲಿದ್ದ ಮಮ್ಮಟನು ಹುಟ್ಟಿನಿಂದ ಬಂದ ಶಕ್ತಿ, ಲೋಕವನ್ನೂ ಶಾಸ್ತ್ರವನ್ನೂ ಕಾವ್ಯವನ್ನೂ ನೋಡಿ ಪಡೆದ ನಿಪುಣತೆ, ಬಲ್ಲವರ ಬಳಿ ಕಲಿತು ಮಾಡುವ ಅಭ್ಯಾಸ ಎಂದು ಮೂರನ್ನು ಎಣಿಸಿ, ಈ ಮೂರೂ ಕೂಡಿ ಕಾವ್ಯಕ್ಕೆ ಒಂದೇ ಕಾರಣವೆಂದು ಹೇಳಿದನು. ಕಾರಣಗಳು ಮೂರೆಂದು ಹೇಳಲಿಲ್ಲ. ನೋಡಬೇಕಾದ ವಸ್ತುಗಳಲ್ಲಿ ಅವನು ಮೊದಲು ಹೆಸರಿಸಿದುದು ಲೋಕವನ್ನು. ಒಂದು ಕಾಲನ್ನು ಮಾತ್ರ ಇಟ್ಟುಕೊಂಡು ಉಳಿದೆರಡನ್ನು ಕಿತ್ತೆಸೆದ ಮೇಲೆ ಮುಕ್ಕಾಲಿಯು ನಿಲ್ಲುವುದೆಂದು ನಂಬುವವರಿಗೆ ಏನು ಹೇಳಬೇಕು?

ಸ್ವಪ್ನದಲ್ಲಿ ಕಥೆ ಕಂಡವರಿಲ್ಲವೇ ಎಂದು ಆಕ್ಷೇಪಿಸಬಹುದು. ಉಂಟು. ಇಂಗ್ಲಿಷ್ ಲೇಖಕಿ ಮೇರಿ ಶೆಲ್ಲಿಯವರಿಗೆ ೧೮೧೬ರ ಬೇಸಗೆಯಲ್ಲಿ, ಜಿನೀವಾ ಸರೋವರದ ತೀರದಲ್ಲಿ, ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯ ದೃಶ್ಯ ಕಂಡುದು ರಾತ್ರಿ ಕಣ್ಣುಮುಚ್ಚಿ ಮಲಗಿದ್ದಾಗಲೇ. ಆದರೆ ಆ ರಾತ್ರಿಗೆ ಮೊದಲು ನಡೆದುದೇನು? ಕವಿಗಳಾದ ಬೈರನ್ ಮತ್ತು ಶೆಲ್ಲಿಯವರು ಜೀವದ ಮೂಲತತ್ತ್ವವೇನು, ಸತ್ತ ದೇಹಕ್ಕೆ ಮರಳಿ ಚೇತನ ಬರಬಹುದೇ ಎಂದು ಹೊತ್ತು ಮೀರುವವರೆಗೆ ಚರ್ಚಿಸುತ್ತಿದ್ದರು. ಹದಿನೆಂಟು ವರ್ಷದ ಆ ತರುಣಿ ಮಾತನಾಡದೆ ಕೇಳುತ್ತಿದ್ದರು. ೧೮೩೧ರ ಆವೃತ್ತಿಯ ಮುನ್ನುಡಿಯಲ್ಲಿ ಇದನ್ನೆಲ್ಲ ಅವರೇ ಬರೆದು, ಶೂನ್ಯದಿಂದ ಯಾವ ಸೃಷ್ಟಿಯೂ ಆಗದು, ಸಾಮಗ್ರಿಯು ಮೊದಲೇ ಒದಗಿರಬೇಕು ಎಂಬ ಅಭಿಪ್ರಾಯವನ್ನೂ ಕೊಟ್ಟಿದ್ದಾರೆ. ಕೇಳಿದವರಿಗೆ ಕನಸು ಬಿತ್ತು. ಕೇಳದವರಿಗೆ ನಿದ್ರೆ ಮಾತ್ರ ಬರುತ್ತದೆ.

ಈ ಸ್ಫೂರ್ತಿವಾದಕ್ಕೆ ವಿರುದ್ಧವಾಗಿ ಇನ್ನೊಂದು ಪಕ್ಷವಿದೆ. ಜೀವನದಲ್ಲಿ ನಡೆದುದೇ ಕಥೆ, ಅದನ್ನು ಇದ್ದಂತೆ ಇಳಿಸಿದರೆ ಸಾಕು ಎಂಬುದು ಇವರ ಮತ. ಇವರು ಪತ್ರಿಕೆಯ ವಾರ್ತೆಗಳನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಮೂರು ದಿನ ಹಳ್ಳಿಯಲ್ಲಿದ್ದು ಬಂದು ಗ್ರಾಮಜೀವನದ ಕಾದಂಬರಿ ಬರೆಯುತ್ತಾರೆ. ಇವರಿಗೂ ದೊಡ್ಡ ಹೆಸರುಗಳ ಆಶ್ರಯವುಂಟು. ಫ್ರಾನ್ಸಿನಲ್ಲಿ ಕಮ್ಮಾರನ ಮಗನಾದ ಬೆರ್ತೆ ಎಂಬ ತರುಣನು, ತಾನು ಹಿಂದೆ ಪಾಠ ಹೇಳುತ್ತಿದ್ದ ಮನೆಯ ಯಜಮಾನಿಯ ಮೇಲೆ ಇಗರ್ಜಿಯಲ್ಲಿ ಗುಂಡು ಹಾರಿಸಿ, ೧೮೨೭ರಲ್ಲಿ ವಿಚಾರಣೆಗೆ ಗುರಿಯಾದನು. ನ್ಯಾಯಾಲಯದ ಆ ವರದಿಯಿಂದ ಸ್ಟೆಂಡಾಲನು ೧೮೩೦ರಲ್ಲಿ ‘ಕೆಂಪು ಮತ್ತು ಕಪ್ಪು’ ಎಂಬ ಕಾದಂಬರಿಯನ್ನು ಕಟ್ಟಿದನು. ಇದು ನಿಜ. ಆದರೆ ಆ ವರದಿಯನ್ನು ಓದಿದವರು ಅಂದು ಎಷ್ಟೋ ಮಂದಿ. ಕಾದಂಬರಿ ಬರೆದವನು ಒಬ್ಬನೇ. ತನ್ನ ಕಾಲದ ಸಮಾಜವನ್ನೆಲ್ಲ ಆ ತರುಣನ ಸುತ್ತ ನಿಲ್ಲಿಸಿ ತೋರಿಸಿದುದು ವರದಿಯ ಕೆಲಸವಲ್ಲ, ಸ್ಟೆಂಡಾಲನದು.

ಟಾಲ್‌ಸ್ಟಾಯ್ ಮಹಾಶಯರ ನಿದರ್ಶನ ಇನ್ನೂ ಸ್ಪಷ್ಟವಾದುದು. ೧೮೮೭ರಲ್ಲಿ ಕೋನಿ ಎಂಬ ನ್ಯಾಯಶಾಸ್ತ್ರಜ್ಞರು ಅವರಿಗೆ ನಡೆದ ಸಂಗತಿಯೊಂದನ್ನು ಹೇಳಿದರು. ಪಂಚಾಯಿತರಲ್ಲಿ ಒಬ್ಬನಾಗಿ ನ್ಯಾಯಾಲಯದಲ್ಲಿ ಕುಳಿತ ಗೃಹಸ್ಥನೊಬ್ಬನು, ಎದುರು ನಿಂತ ಅಪರಾಧಿನಿಯು ಹಿಂದೆ ತಾನೇ ಕೆಡಿಸಿ ಕೈಬಿಟ್ಟ ಹುಡುಗಿಯೆಂದು ಗುರುತಿಸಿ, ಅವಳನ್ನು ಮದುವೆಯಾಗಲು ನಿಶ್ಚಯಿಸಿದನು. ಆಕೆ ಸೆರೆಮನೆಯಲ್ಲಿಯೇ ವಿಷಮಜ್ವರದಿಂದ ಸತ್ತಳು. ಸಂಗತಿ ಇಷ್ಟೆ. ‘ಪುನರುತ್ಥಾನ’ ಕಾದಂಬರಿ ಹೊರಬಂದುದು ೧೮೯೯ರಲ್ಲಿ. ನಡುವಿನ ಹನ್ನೆರಡು ವರ್ಷ ಆ ಹುಡುಗಿ ಟಾಲ್‌ಸ್ಟಾಯ್‌ರನ್ನು ಬಿಡಲಿಲ್ಲ. ಕಾದಂಬರಿಯಲ್ಲಿ ಆಕೆ ಸಾಯುವುದಿಲ್ಲ. ತನ್ನನ್ನು ಉದ್ಧರಿಸಲು ಬಂದವನ ಕೈಹಿಡಿಯದೆ, ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳುತ್ತಾಳೆ. ಸೆರೆಮನೆಯಲ್ಲಿ ಸತ್ತವಳಿಗೆ ಲೋಕವು ಕೊಡದ ಗೌರವವನ್ನು ಕಥೆಗಾರನು ಕೊಟ್ಟನು. ಋಣವನ್ನು ತೀರಿಸುವುದೆಂದರೆ ಇದು. ವಾರ್ತೆಯನ್ನು ಕತ್ತರಿಸಿ ಅಂಟಿಸುವವರಿಗೆ ಈ ಹನ್ನೆರಡು ವರ್ಷದ ಲೆಕ್ಕ ತಿಳಿಯದು.

ಹೆನ್ರಿ ಜೇಮ್ಸ್ ಎಂಬ ಕಾದಂಬರಿಕಾರರು ಇದನ್ನೇ ಇನ್ನೊಂದು ಬಗೆಯಲ್ಲಿ ತೋರಿಸಿಕೊಟ್ಟಿದ್ದಾರೆ. ೧೮೯೭ರಲ್ಲಿ ಪ್ರಕಟವಾದ ಅವರ ಕಾದಂಬರಿಯೊಂದರ ಬೀಜವು ಕ್ರಿಸ್‌ಮಸ್ ಹಿಂದಿನ ಸಂಜೆಯ ಊಟದಲ್ಲಿ ದೊರೆಯಿತು. ಮನೆಯ ಬೆಲೆಬಾಳುವ ಪೀಠೋಪಕರಣಗಳಿಗಾಗಿ ಒಬ್ಬ ತಾಯಿಗೂ ಅವಳ ಒಬ್ಬನೇ ಮಗನಿಗೂ ಬಿದ್ದ ವ್ಯಾಜ್ಯವನ್ನು ಪಕ್ಕದಲ್ಲಿ ಕುಳಿತಿದ್ದ ಮಹಿಳೆಯು ಮಾತಿನ ನಡುವೆ ಹೇಳಿದಳು. ಆ ನಾಲ್ಕು ಮಾತುಗಳೇ ಅವರಿಗೆ ಸಾಕಾದುವು. ಆಕೆ ವಿವರಗಳನ್ನು ಹೇಳುತ್ತ ಹೋದಂತೆ, ನಿಜ ಜೀವನವು ಕೈಯಲ್ಲಿದ್ದ ಒಳ್ಳೆಯ ಬೀಜವನ್ನು ಹೇಗೆ ಹಾಳುಮಾಡುತ್ತದೆಂದು ಅವರು ನೊಂದುಕೊಂಡರು. ಬೀಜ ಪರರದು, ಹೊಲ, ಉಳುಮೆ, ನೀರು, ಕಾವಲು ಇವೆಲ್ಲ ಕಥೆಗಾರನವು. ಬೀಜವೇ ಬೆಳೆಯೆನ್ನುವವನೂ, ಬೀಜವಿಲ್ಲದೆ ಬೆಳೆದೆನೆನ್ನುವವನೂ ಒಂದೇ ತಪ್ಪನ್ನು ಎರಡು ಕಡೆಯಿಂದ ಮಾಡುತ್ತಾರೆ.

ಬೀಜವು ದೊರೆಯುವ ಸ್ಥಳಗಳು ಎಷ್ಟು ಸಾಮಾನ್ಯವಾದುವೆಂಬುದನ್ನು ಗಮನಿಸಬೇಕು. ರವೀಂದ್ರನಾಥ ಠಾಕೂರರು ಮನೆತನದ ಜಮೀನ್ದಾರಿಯನ್ನು ನೋಡಿಕೊಳ್ಳಲು, ಈಗ ಬಾಂಗ್ಲಾದೇಶಕ್ಕೆ ಸೇರಿರುವ ಷಹಜಾದಪುರದಲ್ಲಿ ಆಗಾಗ ತಂಗುತ್ತಿದ್ದರು. ಅಲ್ಲಿಯ ಅವರ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿಯೇ ಅಂಚೆಯ ಕಚೇರಿಯಿತ್ತು. ಅಂಚೆಯ ಅಧಿಕಾರಿ ಬಂದು ಅವರೊಡನೆ ಹರಟುತ್ತಿದ್ದನು. ೧೮೯೧ರ ‘ಪೋಸ್ಟ್‌ಮಾಸ್ಟರ್’ ಕಥೆಯ ಹಿಂದೆ ಈ ನೆರೆಹೊರೆಯಿದೆ. ಕನ್ನಡದಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸರಕಾರದ ಅಧಿಕಾರಿಯಾಗಿ ಊರೂರು ತಿರುಗಿದವರು. ಅವರ ಎಷ್ಟೋ ಕಥೆಗಳು ಒಬ್ಬರು ಹೇಳಿ ಇನ್ನೊಬ್ಬರು ಕೇಳಿದಂತೆ ನಡೆಯುತ್ತವೆ. ‘ಮೊಸರಿನ ಮಂಗಮ್ಮ’ನ ಕಥೆಯನ್ನು ಹೇಳುವವಳು ಅವಳಿಂದ ಮೊಸರು ಕೊಳ್ಳುವ ಗೃಹಿಣಿ. ಮೊಸರಿನವಳು ಗಡಿಗೆ ಇಳಿಸಿ ಸೊಸೆಯ ಮೇಲಿನ ದೂರನ್ನು ಹೇಳುವಷ್ಟು ಹೊತ್ತು ಮನೆಯವಳು ಒಳಗೆ ಹೋಗದೆ ನಿಂತಳು, ಅಷ್ಟರಿಂದ ಕಥೆಯಾಯಿತು. ಮೊಸರನ್ನು ಅಳೆಯಿಸಿಕೊಂಡು ಬಾಗಿಲು ಹಾಕಿದ್ದರೆ ಆಗುತ್ತಿರಲಿಲ್ಲ.

ಸ್ಫೂರ್ತಿಯೆಂಬ ಈ ಮಾತಿನಿಂದ ಆಗುವ ಹಾನಿ ಮೂರು ವಿಧ. ಮೊದಲನೆಯದು, ಅದು ಕಳ್ಳತನಕ್ಕೆ ಮುಸುಕಾಗುತ್ತದೆ. ಹನ್ನೊಂದನೆಯ ಶತಮಾನದ ದುರ್ಗಸಿಂಹನು ತನ್ನ ಪಂಚತಂತ್ರವು ವಸುಭಾಗಭಟ್ಟನ ಕೃತಿಯಿಂದ ಬಂದುದೆಂದು ಬಾಯಿಬಿಟ್ಟು ಹೇಳಿದನು. ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರಿಗೆ ಅನುವಾದಕರೆಂಬ ಹೆಸರು ಕುಂದಾಗಿ ತೋರಲಿಲ್ಲ. ಪರದೇಶದ ಕಥೆಯ ಹೆಸರುಗಳನ್ನೂ ಉಡುಪನ್ನೂ ಬದಲಿಸಿ, ಅದು ತನಗೆ ಹೊಳೆಯಿತೆನ್ನುವವನಿಗೆ ಈ ಹಿರಿಯರ ಮುಖ ನೋಡುವ ಯೋಗ್ಯತೆಯಿಲ್ಲ.

ಎರಡನೆಯದು, ಅದು ಬರೆಯಬಲ್ಲವರ ಬಾಯಿ ಕಟ್ಟುತ್ತದೆ. ಸ್ಫೂರ್ತಿಯು ಕೆಲವರಿಗೆ ಮಾತ್ರ ಇಳಿಯುವ ವರವೆಂದು ಕೇಳಿ ಕೇಳಿ, ಮೂರು ತಲೆಮಾರಿನ ಸುಖದುಃಖಗಳನ್ನು ಬಲ್ಲ ಮನೆಯ ಹೆಂಗಸರು ತಮ್ಮಲ್ಲಿ ಬರೆಯತಕ್ಕುದು ಏನೂ ಇಲ್ಲವೆಂದು ನಂಬಿ ಕುಳಿತಿದ್ದಾರೆ. ೧೯೩೯ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿಯೇ ತೀರಿಕೊಂಡ ಕೊಡಗಿನ ಗೌರಮ್ಮನವರು ಹಾಗೆ ನಂಬಿದ್ದರೆ, ವಿಧವೆಯರ ಮತ್ತು ಗೃಹಿಣಿಯರ ಬಾಳನ್ನು ಒಳಗಿನಿಂದ ಕಂಡು ಬರೆದ ಆ ಕಥೆಗಳು ಕನ್ನಡಕ್ಕೆ ಇಲ್ಲವಾಗುತ್ತಿದ್ದುವು.

ಮೂರನೆಯದು ಎಲ್ಲಕ್ಕಿಂತ ಕಠಿಣವಾದುದು: ಅದು ಕಥೆಯನ್ನು ಕೊಟ್ಟವರನ್ನು ಅಳಿಸಿಹಾಕುತ್ತದೆ. ಶಿವರಾಮ ಕಾರಂತರ ‘ಚೋಮನ ದುಡಿ’ ೧೯೩೩ರಲ್ಲಿ ಹೊರಬಂದಿತು. ತುಂಡು ಭೂಮಿಯನ್ನು ತನ್ನದೆಂದು ಉಳಬೇಕೆಂಬ ಚೋಮನ ಆಸೆ ಯಾವ ಲೇಖಕನ ತಲೆಯಲ್ಲಿಯೂ ಬರಿದೆ ಮೊಳೆತುದಲ್ಲ. ಹುಟ್ಟಿದ ಜಾತಿಯ ಕಾರಣದಿಂದ ಆ ಹಕ್ಕನ್ನು ಕಳೆದುಕೊಂಡು ಬಾಳಿದ ಜನರ ಆಸೆ ಅದು. ಅಂಥವರಲ್ಲಿ ಬಹುಮಂದಿಗೆ ತಮ್ಮ ಕಥೆಯನ್ನು ತಾವೇ ಓದಿಕೊಳ್ಳುವಷ್ಟು ಅಕ್ಷರವಿರಲಿಲ್ಲ. ಕೊಟ್ಟವನು ಓದಲಾರನೆಂಬುದು ಪಡೆದವನ ಹೊಣೆಯನ್ನು ಕಡಮೆ ಮಾಡುವುದಿಲ್ಲ, ಇಮ್ಮಡಿ ಮಾಡುತ್ತದೆ. ಹಾಗೆಯೇ, ಬೀದಿಯ ವಿಧವೆಯೊಬ್ಬಳ ಸಂಕಟವನ್ನು ಹೆಸರು ಮಾತ್ರ ತಿದ್ದಿ, ಬೀದಿ, ಬಾಗಿಲು, ಬಾವಿಯನ್ನು ಇದ್ದಂತೆಯೇ ಬಿಟ್ಟು ಅಚ್ಚು ಹಾಕಿಸಿ, ನೆರೆಯವರೆಲ್ಲ ಬೆರಳು ತೋರಿಸುವಂತೆ ಮಾಡಿ, ಅನಂತರ ಇದೆಲ್ಲ ಕಲ್ಪನೆಯೆಂದು ಕೈತೊಳೆದುಕೊಳ್ಳುವುದು ಸಾಹಿತ್ಯವಲ್ಲ. ಋಣವನ್ನು ಒಪ್ಪಿಕೊಂಡವನಿಗೆ ಮಾತ್ರ ಎಲ್ಲಿ ಮರೆಮಾಡಬೇಕು, ಎಲ್ಲಿ ಮಾರ್ಪಡಿಸಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ವಿವೇಕ ಬರುತ್ತದೆ. ಎಲ್ಲವೂ ತಾನಾಗಿ ಬಂದಿತೆನ್ನುವವನಿಗೆ ಯಾರಿಗೂ ಉತ್ತರ ಹೇಳಬೇಕಾದುದಿಲ್ಲ. ಆ ಮಾತಿನ ಮೋಹವೂ ಅಪಾಯವೂ ಅಲ್ಲಿಯೇ ಇರುವುದು.

ಆದುದರಿಂದ ಮುಂದಿನ ಗೋಷ್ಠಿಯಲ್ಲಿ ಆ ಪ್ರಶ್ನೆ ಮತ್ತೆ ಬಂದಾಗ, ಕಥೆಗಾರರು ಆಕಾಶವನ್ನು ತೋರಿಸದಿರಲಿ. ಅಜ್ಜಿಯಿಂದ ಕೇಳಿದ್ದರೆ ಅಜ್ಜಿಯಿಂದೆನ್ನಲಿ. ಪುಸ್ತಕದಿಂದ ಪಡೆದಿದ್ದರೆ ಪುಸ್ತಕದ ಹೆಸರು ಹೇಳಲಿ. ಹೆಸರು ಹೇಳಿದರೆ ನೋಯುವವರಿದ್ದರೆ, ಹೇಳಲಾಗದ ಒಬ್ಬರಿಗೆ ತಾನು ಋಣಿಯೆಂದಾದರೂ ಹೇಳಲಿ. ಆಮೇಲೆ, ಕೇಳಿದುದನ್ನು ಎಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದರು, ಎಷ್ಟು ಸಲ ಬರೆದು ಹರಿದರು ಎಂಬುದನ್ನೂ ತಿಳಿಸಲಿ. ಅದನ್ನು ಕೇಳಿದ ಸಭಿಕರಲ್ಲಿ ಒಬ್ಬರಾದರೂ ಮನೆಗೆ ಹೋಗಿ, ಹಜಾರದಲ್ಲಿ ಕುಳಿತ ಹಿರಿಯರನ್ನು, “ಆಮೇಲೆ ಏನಾಯಿತು?” ಎಂದು ಕೇಳುವರು. ಕನ್ನಡದ ಮುಂದಿನ ಕಥೆ ಬರಬೇಕಾದುದು ಅಲ್ಲಿಂದ.